ಹೊಸ ಗೇಮಿಂಗ್ ಲ್ಯಾಪ್‌ಟಾಪ್: ಬದಲಾಯಿಸಿಕೊಳ್ಳುವ ಅವಧಿ ಮುಗಿಯುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಗೇಮಿಂಗ್ ಲ್ಯಾಪ್‌ಟಾಪ್‌ನ ದೊಡ್ಡ ದೋಷಗಳು ಅಂಗಡಿಯ ಮೇಜಿನ ಮೇಲೆ ಐದು ನಿಮಿಷ ಚಾಲೂ ಮಾಡಿ ನೋಡಿದಾಗ ಕಾಣಿಸುವುದಿಲ್ಲ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಒಟ್ಟಿಗೆ ಅರ್ಧ ಗಂಟೆ ದುಡಿದು, ಒಳಗಿನ ತಾಮ್ರದ ಕೊಳವೆಗಳು ಪೂರ್ತಿ ಬಿಸಿಯಾಗಿ, ಫ್ಯಾನ್‌ಗಳು ಗರಿಷ್ಠ ವೇಗಕ್ಕೆ ಏರಿದ ಮೇಲಷ್ಟೇ ಯಂತ್ರದ ನಿಜವಾದ ಸಾಮರ್ಥ್ಯ ಎಷ್ಟೆಂದು ತಿಳಿಯುತ್ತದೆ. ನಾವು ಹಣ ತೆರುವುದು ಮೊದಲ ಎರಡು ನಿಮಿಷದ ವೇಗಕ್ಕಲ್ಲ, ಆಟದ ಕೊನೆಯವರೆಗೂ ಉಳಿಯುವ ವೇಗಕ್ಕೆ. ಆನ್‌ಲೈನ್‌ನಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳೊಳಗೆ ಬದಲಿ ಯಂತ್ರ ಕೇಳುವ ಅವಕಾಶ ಇರುತ್ತದೆ. ಮಾರಾಟಗಾರರಿಂದ ಮಾರಾಟಗಾರರಿಗೆ ಇದು ವ್ಯತ್ಯಾಸವಾಗುವುದರಿಂದ ಕೊಳ್ಳುವ ದಿನವೇ ಆ ಷರತ್ತುಗಳನ್ನು ಓದಿಟ್ಟುಕೊಳ್ಳಬೇಕು. ಅವಧಿ ಮುಗಿದ ಮೇಲೆ ಸಿಗುವುದು ವಾರಂಟಿಯಡಿಯ ರಿಪೇರಿ ಮಾತ್ರ. ಆದ್ದರಿಂದ ಆಟಗಳನ್ನು ತುಂಬಿಸುವ ಉತ್ಸಾಹವನ್ನು ಸ್ವಲ್ಪ ತಡೆದು, ಮೊದಲ ಎರಡು ಮೂರು ಸಂಜೆಗಳನ್ನು ಪರೀಕ್ಷೆಗೆಂದೇ ತೆಗೆದಿಡುವುದು ಒಳ್ಳೆಯದು.

ಪೆಟ್ಟಿಗೆ ತೆರೆಯುವ ಮುನ್ನ

ಪೆಟ್ಟಿಗೆಯ ಹೊರಗಿನ ಚೀಟಿಯೇ ಮೊದಲ ದಾಖಲೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕು) ನಿಯಮಗಳ ಪ್ರಕಾರ ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ತಿಂಗಳು ಮತ್ತು ವರ್ಷ ಅಲ್ಲಿರಬೇಕು. ತಿಂಗಳು ತೀರಾ ಹಳೆಯದಾಗಿದ್ದರೆ ಬ್ಯಾಟರಿ ಬಹುಕಾಲ ಗೋದಾಮಿನಲ್ಲಿ ಕುಳಿತಿತ್ತೆಂದು ಅರ್ಥ, ಅದನ್ನು ಮುಂದೆ ವಿಶೇಷವಾಗಿ ಪರೀಕ್ಷಿಸಬೇಕು. ಮಾದರಿಯ ಹೆಸರನ್ನು ಮಾತ್ರ ನೋಡಿ ತೃಪ್ತರಾಗದೆ ಅದರ ಕೊನೆಯಲ್ಲಿರುವ ಅಕ್ಷರ ಮತ್ತು ಅಂಕಿಗಳನ್ನೂ ಬಿಲ್ಲಿನೊಂದಿಗೆ ಹೋಲಿಸಿ. ಒಂದೇ ಹೆಸರಿನ ಲ್ಯಾಪ್‌ಟಾಪ್ ನಾಲ್ಕಾರು ಬಗೆಯ ಪರದೆ, ರ‍್ಯಾಮ್ ಮತ್ತು ಗ್ರಾಫಿಕ್ಸ್ ಚಿಪ್‌ಗಳೊಂದಿಗೆ ಮಾರಾಟವಾಗುತ್ತದೆ, ಅವುಗಳನ್ನು ಬೇರ್ಪಡಿಸುವುದು ಆ ಕೊನೆಯ ಅಕ್ಷರಗಳೇ.

ಪೆಟ್ಟಿಗೆಯ ಆರೂ ಬದಿಗಳು, ಸೀಲು, ಸೀರಿಯಲ್ ನಂಬರ್ ಎಲ್ಲವೂ ಕಾಣುವಂತೆ, ಎಲ್ಲೂ ಕತ್ತರಿಸದ ಒಂದೇ ವೀಡಿಯೊ ಮಾಡುತ್ತಾ ತೆರೆಯಿರಿ. ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರ್, ಲ್ಯಾಪ್‌ಟಾಪ್‌ನ ತಳದಲ್ಲಿರುವುದು ಮತ್ತು ಬಿಲ್ಲಿನಲ್ಲಿರುವುದು ಮೂರೂ ಒಂದೇ ಆಗಿರಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಕೊಳ್ಳುವವರು ಅಂಗಡಿಯಲ್ಲೇ ತೆರೆಸಿ, ಜಿಎಸ್‌ಟಿ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ಬಿಲ್ ಇಲ್ಲದೆ ಬೆಲೆ ಕಡಿಮೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಒಪ್ಪಬಾರದು, ಏಕೆಂದರೆ ಮುಂದಿನ ಪ್ರತಿಯೊಂದು ಹಕ್ಕೂ ಆ ಬಿಲ್ಲಿನ ಮೇಲೆಯೇ ನಿಂತಿರುತ್ತದೆ.

ಲ್ಯಾಪ್‌ಟಾಪನ್ನು ಹೊರತೆಗೆದ ಮೇಲೆ ತಳದ ಸ್ಕ್ರೂಗಳ ತಲೆಯಲ್ಲಿ ಗೀರುಗಳಿವೆಯೇ, ಹಿಂಬದಿಯ ಗಾಳಿಕಿಂಡಿಗಳಲ್ಲಿ ಧೂಳಿದೆಯೇ, ಚಾರ್ಜರ್ ಪಿನ್ನಿನಲ್ಲಿ ಬಳಕೆಯ ಗುರುತಿದೆಯೇ ಎಂದು ನೋಡಿ. ಇವು ಬೇರೊಬ್ಬರು ಬಳಸಿ ಹಿಂದಿರುಗಿಸಿದ ಯಂತ್ರದ ಲಕ್ಷಣಗಳು. ಪರದೆಯ ಮುಚ್ಚಳವನ್ನು ಮಧ್ಯಭಾಗದಲ್ಲಿ ಹಿಡಿದು ನಿಧಾನವಾಗಿ ತೆರೆದು ಮುಚ್ಚಿದಾಗ ಕೀಲುಗಳಿಂದ ಕಟಕಟ ಸದ್ದು ಬರಬಾರದು, ಎರಡೂ ಬದಿ ಒಂದೇ ಬಿಗಿಯಲ್ಲಿರಬೇಕು.

ವಿದ್ಯುತ್ತಿನ ವಿಷಯ

ಅನೇಕರು ಈ ಭಾಗವನ್ನು ದಾಟಿ ಮುಂದೆ ಹೋಗುತ್ತಾರೆ. ಆದರೆ ನಮ್ಮ ಮನೆಗಳ ವೈರಿಂಗ್ ಪರಿಸ್ಥಿತಿ ನೋಡಿದರೆ ಇದು ಬಹಳ ಮುಖ್ಯವಾದದ್ದು. ಮೊದಲು ಅಡಾಪ್ಟರ್ ಮೇಲೆ ಮುದ್ರಿತವಾದ ವ್ಯಾಟ್ ಸಂಖ್ಯೆ ನಿಮ್ಮ ಮಾದರಿಗೆ ಕಂಪನಿ ಹೇಳಿದಷ್ಟೇ ಇದೆಯೇ ನೋಡಿ. 230 ವ್ಯಾಟ್ ಬೇಕಾದ ಯಂತ್ರಕ್ಕೆ 180ರ ಅಡಾಪ್ಟರ್ ಬಂದಿದ್ದರೆ ಸಾಧಾರಣ ಕೆಲಸಗಳೆಲ್ಲ ಸರಿಯಾಗಿಯೇ ನಡೆಯುತ್ತವೆ, ಭಾರವಾದ ಆಟದಲ್ಲಿ ಮಾತ್ರ ವೇಗ ಕುಸಿಯುತ್ತದೆ. ಇಂಥ ಅಡಾಪ್ಟರ್ 230 ವೋಲ್ಟ್‌ನಲ್ಲಿ ಸುಮಾರು ಒಂದೂಕಾಲು ಆಂಪಿಯರ್‌ಗಿಂತ ಹೆಚ್ಚು ಎಳೆಯುವುದಿಲ್ಲವಾದ್ದರಿಂದ ಮನೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ ಸಾಕು, ಆದರೆ ಆ ಸಾಕೆಟ್‌ಗೆ ನಿಜವಾದ ಅರ್ಥಿಂಗ್ ಇರಲೇಬೇಕು.

ಚಾರ್ಜ್ ಆಗುತ್ತಿರುವಾಗ ಲೋಹದ ಮೈಯನ್ನು ಬೆರಳಿನಿಂದ ಸವರಿದರೆ ಜುಮ್ಮೆನ್ನುವ ಅನುಭವ ಆಗುತ್ತಿದ್ದರೆ, ಅದು ಬಹುತೇಕ ಲ್ಯಾಪ್‌ಟಾಪ್‌ನ ದೋಷವಲ್ಲ, ಗೋಡೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲದಿರುವುದರ ಸೂಚನೆ. ಅಡಾಪ್ಟರ್‌ನೊಳಗಿನ ಶೋಧಕ ಕೆಪಾಸಿಟರ್‌ಗಳಿಂದ ಹರಿಯುವ ಅತಿ ಸಣ್ಣ ವಿದ್ಯುತ್ ಭೂಮಿಗೆ ಇಳಿಯಲು ದಾರಿ ಸಿಗದೆ ಮೈಮೇಲೆ ಉಳಿಯುತ್ತದೆ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಫೇಸ್ ಮತ್ತು ನ್ಯೂಟ್ರಲ್ ನಡುವಿನ ವೋಲ್ಟೇಜ್ ಎಷ್ಟಿದೆಯೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇದೆಯೇ ಎಂದು ಅಳೆಸಬೇಕು. ಅರ್ಥ್ ಪಿನ್ನನ್ನು ತಪ್ಪಿಸುವ ಎರಡು ಪಿನ್ನಿನ ಪರಿವರ್ತಕ ಹಾಕಿಕೊಂಡು ಯಾವ ಗೇಮಿಂಗ್ ಲ್ಯಾಪ್‌ಟಾಪನ್ನೂ ಬಳಸಬಾರದು.

ಪರೀಕ್ಷೆಗಳನ್ನೆಲ್ಲ ನೇರ ವಿದ್ಯುತ್ತಿನಲ್ಲಿಯೇ ನಡೆಸಿ. ಮಳೆಗಾಲದ ಮಲೆನಾಡಿನಲ್ಲಿರುವಂತೆ ಪದೇ ಪದೇ ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾಗುವ ಹೊತ್ತಿನಲ್ಲಿ ತೆಗೆದ ಅಂಕಿಗಳು ನಂಬಿಕೆಗೆ ಅರ್ಹವಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರಂತೂ ಅಡಾಪ್ಟರ್‌ಗೂ ಒಳ್ಳೆಯದಲ್ಲ.

ಮೊದಲ ಬಾರಿ ಚಾಲೂ ಮಾಡುವಾಗ

ವಿಂಡೋಸ್ ಆರಂಭವಾಗಲು ಬಿಡುವ ಮುನ್ನ ಬಯೋಸ್ (ಯಂತ್ರದ ಮೂಲ ಹೊಂದಾಣಿಕೆಗಳ ತಂತ್ರಾಂಶ) ಪರದೆಗೆ ಹೋಗುವುದು ಉತ್ತಮ. ಬಹುತೇಕ ಕಂಪನಿಗಳ ಲ್ಯಾಪ್‌ಟಾಪ್‌ನಲ್ಲಿ ಪವರ್ ಗುಂಡಿ ಒತ್ತಿದ ಕೂಡಲೇ ಎಫ್‌2 ಅಥವಾ ಡಿಲೀಟ್ ಕೀಲಿ, ಎಚ್‌ಪಿಯಲ್ಲಿ ಎಫ್‌10 ಒತ್ತುತ್ತಿದ್ದರೆ ಅದು ತೆರೆದುಕೊಳ್ಳುತ್ತದೆ. ಪ್ರೊಸೆಸರ್, ರ‍್ಯಾಮ್ ಮತ್ತು ಸೀರಿಯಲ್ ನಂಬರ್‌ಗಳನ್ನು ಖಾತೆ ತೆರೆಯುವ ಮುನ್ನವೇ ಅಲ್ಲಿ ನೋಡಬಹುದು. ತಪ್ಪು ಮಾದರಿ ಬಂದಿದ್ದರೆ ಇಲ್ಲಿಯೇ ನಿಲ್ಲಿಸಿ, ಫೋಟೊ ತೆಗೆದು ಮಾರಾಟಗಾರರಿಗೆ ತಿಳಿಸಿ.

ಎಲ್ಲವೂ ಸರಿಯಿದ್ದರೆ ವಿಂಡೋಸ್ ಸಿದ್ಧಪಡಿಸಿ. ವಿಂಡೋಸ್ 11ರ ಹೋಮ್ ಆವೃತ್ತಿ ಇಂಟರ್ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಎರಡನ್ನೂ ಕೇಳುತ್ತದೆ. ಖಾತೆ ಜೋಡಿಸಿದ ಮೇಲೆ ಹಲವು ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಬದಲಾಗುತ್ತದೆ, ಅದನ್ನು ಮತ್ತೆ ತೆರೆಯಲು ಬೇಕಾಗುವ ರಿಕವರಿ ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಬಯೋಸ್ ಅಪ್‌ಡೇಟ್ ಆದ ಮೇಲೆ ಯಂತ್ರ ಆ 48 ಅಂಕಿಯ ಕೀಲಿಯನ್ನು ಕೇಳುವುದುಂಟು. ಆದ್ದರಿಂದ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಹೆಜ್ಜೆ ಇಡಿ. ನಂತರ ವಿಂಡೋಸ್ ಅಪ್‌ಡೇಟ್, ಕಂಪನಿಯ ಬಯೋಸ್ ಮತ್ತು ಗ್ರಾಫಿಕ್ಸ್ ಡ್ರೈವರ್ ಎಲ್ಲವನ್ನೂ ಮುಗಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಹಿನ್ನೆಲೆಯ ಕೆಲಸಗಳು ನಿಲ್ಲುವವರೆಗೆ ಕಾಯಬೇಕು. ಅಪ್‌ಡೇಟ್ ಇಳಿಯುತ್ತಿರುವಾಗಲೇ ಪರೀಕ್ಷೆ ನಡೆಸಿ, ಯಂತ್ರ ನಿಧಾನವಾಗಿದೆ ಎಂದು ಗಾಬರಿಯಾಗುವವರು ಬಹಳ ಮಂದಿ.

ಒಳಗೇನಿದೆ ಎಂದು ತಿಳಿಯುವುದು

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ರ‍್ಯಾಮ್‌ನ ವೇಗ ಮತ್ತು ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಎಂಬುದು ಕಾಣುತ್ತದೆ. 16 ಜಿಬಿ ರ‍್ಯಾಮ್ ಒಂದೇ ಪಟ್ಟಿಯಾಗಿ (ಸ್ಟಿಕ್) ಬಂದಿದ್ದರೆ ಅದು ದೋಷವಲ್ಲ, ಕಂಪನಿಯ ಉಳಿತಾಯ. ಆದರೆ ಎರಡು ಪಟ್ಟಿಗಳಿರುವ ಯಂತ್ರಕ್ಕೆ ಹೋಲಿಸಿದರೆ ಪ್ರೊಸೆಸರ್ ಮೇಲೆ ಹೊರೆ ಬೀಳುವ ಆಟಗಳಲ್ಲಿ ಫ್ರೇಮ್‌ಗಳು (ಪ್ರತಿ ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳು) ಕಡಿಮೆಯಾಗುತ್ತವೆ. ಪರೀಕ್ಷೆಯ ಅವಧಿ ಮುಗಿದ ಮೇಲೆ ಎರಡನೆಯ ಪಟ್ಟಿ ಹಾಕಿಸುವುದು ಗೇಮಿಂಗ್ ಲ್ಯಾಪ್‌ಟಾಪ್‌ಗೆ ಮಾಡಬಹುದಾದ ಅತ್ಯಂತ ಲಾಭದಾಯಕ ಖರ್ಚು ಎಂದು ನನ್ನ ಅಭಿಪ್ರಾಯ. ಅವಧಿ ಮುಗಿಯುವ ಮುನ್ನ ಮಾತ್ರ ತಳದ ಮುಚ್ಚಳವನ್ನು ತೆರೆಯಬೇಡಿ.

ಗ್ರಾಫಿಕ್ಸ್ ಚಿಪ್‌ನ ಹೆಸರು ಮಾತ್ರ ಏನನ್ನೂ ಹೇಳುವುದಿಲ್ಲ. ಉದಾಹರಣೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್ಪನ್ನು 35ರಿಂದ 115 ವ್ಯಾಟ್‌ವರೆಗೆ ಯಾವ ಮಿತಿಯಲ್ಲಾದರೂ ಹೊಂದಿಸಲು ಲ್ಯಾಪ್‌ಟಾಪ್ ತಯಾರಕರಿಗೆ ಅವಕಾಶವಿದೆ, ಅದರ ಮೇಲೆ, ಪ್ರೊಸೆಸರ್ ಬಳಸದ ವಿದ್ಯುತ್ತನ್ನು ಗ್ರಾಫಿಕ್ಸ್ ಚಿಪ್‌ಗೆ ಕೊಡುವ ಡೈನಾಮಿಕ್ ಬೂಸ್ಟ್‌ನಿಂದ 25 ವ್ಯಾಟ್‌ವರೆಗೆ ಸೇರಬಹುದು. ತೆಳುವಾದ ಲ್ಯಾಪ್‌ಟಾಪ್‌ನಲ್ಲಿರುವ 4060ಗೂ 140 ವ್ಯಾಟ್ ತಲುಪುವ 4060ಗೂ ಹೆಸರು ಒಂದೇ, ಕೆಲಸ ಬೇರೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಗರಿಷ್ಠ ಗ್ರಾಫಿಕ್ಸ್ ಪವರ್ ಎಂಬ ಸಾಲನ್ನು ಹುಡುಕಿ, ಕೊಳ್ಳುವಾಗ ತಿಳಿಸಿದ ಅಂಕಿಯೊಂದಿಗೆ ಹೋಲಿಸಿ. ಯಂತ್ರವನ್ನು ಪರ್ಫಾರ್ಮೆನ್ಸ್ ಅಥವಾ ಟರ್ಬೊ ಸ್ಥಿತಿಗೆ ಇಡದಿದ್ದರೆ ಕೆಲವು ಮಾದರಿಗಳಲ್ಲಿ ಪೂರ್ತಿ ವ್ಯಾಟ್ ದೊರೆಯುವುದಿಲ್ಲ ಎಂಬುದು ನೆನಪಿರಲಿ.

ಎಸ್‌ಎಸ್‌ಡಿ (ಕಡತಗಳನ್ನು ಉಳಿಸುವ ಡಿಸ್ಕ್) ಹೊಸದೇ ಎಂದು ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಅದು ಎಷ್ಟು ಗಂಟೆ ಚಾಲೂ ಇತ್ತು, ಎಷ್ಟು ಬಾರಿ ಆನ್ ಆಗಿದೆ ಎಂಬುದನ್ನು ತೋರಿಸುತ್ತದೆ. ಕಾರ್ಖಾನೆಯ ಪರೀಕ್ಷೆಯ ಕೆಲವು ಗಂಟೆಗಳಿರುವುದು ಸಹಜ. ನೂರಾರು ಗಂಟೆಗಳಿದ್ದರೆ ಆ ಯಂತ್ರ ಹೊಸದಲ್ಲ. ಬ್ಯಾಟರಿಗೆ ವಿಂಡೋಸ್‌ನಲ್ಲಿಯೇ ವ್ಯವಸ್ಥೆ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆಯ ಬೆನ್ನಿಗೇ ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಎಂಟರ್ ಒತ್ತಿದರೆ ವರದಿಯೊಂದು ತಯಾರಾಗುತ್ತದೆ. ಅದರಲ್ಲಿ ವಿನ್ಯಾಸದ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯ ಎರಡೂ ಇರುತ್ತವೆ. ಹೊಸ ಬ್ಯಾಟರಿಯಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ಎರಡನೆಯದು ಮೊದಲನೆಯದರ ಶೇ 90ಕ್ಕಿಂತ ಕೆಳಗಿದ್ದರೆ ಮಾರಾಟಗಾರರನ್ನು ಪ್ರಶ್ನಿಸಲು ಅದೇ ಸಾಕಷ್ಟು ಕಾರಣ.

ಬಿಸಿಯ ಪರೀಕ್ಷೆ

ಇಲ್ಲಿ ಸಮಯ ಉಳಿಸಬೇಡಿ. ಮೊದಲು ಕೋಣೆಯ ತಾಪಮಾನವನ್ನು ಬರೆದಿಟ್ಟುಕೊಳ್ಳಿ. ವಿಮರ್ಶಕರು ಕೊಡುವ ಅಂಕಿಗಳು ಸಾಮಾನ್ಯವಾಗಿ ಎಸಿ ಇರುವ ಅಥವಾ ತಂಪು ದೇಶದ ಕೋಣೆಗಳಲ್ಲಿ ತೆಗೆದವು. ಏಪ್ರಿಲ್ ಮೇ ತಿಂಗಳ ರಾಯಚೂರು, ಕಲಬುರಗಿಗಳಲ್ಲಿ ಹೊರಗಿನ ತಾಪ 40 ಡಿಗ್ರಿ ದಾಟುವಾಗ ಮನೆಯೊಳಗಿನ ಕೋಣೆಯೇ 35ರ ಆಸುಪಾಸಿನಲ್ಲಿರುತ್ತದೆ, ಹಲವು ತಯಾರಕರು ಬಳಕೆಗೆ ವಿಧಿಸಿರುವ ಗರಿಷ್ಠ ಮಿತಿಯೂ 35 ಡಿಗ್ರಿಯೇ. ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಚಿಪ್ಪುಗಳೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತವೆ, ಅಥವಾ ಬಿಸಿಯಾಗುವ ಬದಲು ವೇಗವನ್ನು ಇಳಿಸಿಕೊಳ್ಳುತ್ತವೆ. ಯಂತ್ರವನ್ನು ಹಾಸಿಗೆ, ಸೋಫಾ, ಮೇಜುಬಟ್ಟೆಗಳ ಮೇಲಿಡದೆ ಗಟ್ಟಿ ಮೇಜಿನ ಮೇಲಿಟ್ಟು, ಹಿಂಬದಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಿ.

ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಪ್ರೊಸೆಸರ್‌ನೊಳಗಿನ ಪ್ರತಿ ಕೋರ್‌ನ (ಲೆಕ್ಕ ಮಾಡುವ ಘಟಕದ) ತಾಪ, ಪ್ರೊಸೆಸರ್ ಬಳಸುವ ವ್ಯಾಟ್, ಗ್ರಾಫಿಕ್ಸ್ ಚಿಪ್‌ನ ತಾಪ, ವ್ಯಾಟ್ ಮತ್ತು ಕ್ಲಾಕ್ ವೇಗ (ಚಿಪ್ ಕೆಲಸ ಮಾಡುವ ವೇಗ), ಇಷ್ಟು ಸಾಲುಗಳು ಕಣ್ಣೆದುರು ಇರುವಂತೆ ಮಾಡಿಕೊಳ್ಳಿ. ಮೊದಲು ಪ್ರೊಸೆಸರ್ ಒಂದನ್ನೇ ಪರೀಕ್ಷಿಸಿ. ಪ್ರೊಸೆಸರ್‌ಗೆ ಹೊರೆ ಕೊಟ್ಟು ಅಂಕ ನೀಡುವ ಸಿನೆಬೆಂಚ್ ಆರ್‌23 ತಂತ್ರಾಂಶದಲ್ಲಿ ಒಂದೇ ಸುತ್ತಿನ ಅಂಕ ಮೊದಲು ತೆಗೆದು, ಬಳಿಕ ಹತ್ತು ನಿಮಿಷದ ಓಟ ನಡೆಸಿ ಅದರ ಅಂಕವನ್ನು ಹೋಲಿಸಿ. ಶೇ 10ರಷ್ಟು ಇಳಿಕೆ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯ. ಶೇ 25 ಅಥವಾ 30ರಷ್ಟು ಕುಸಿದರೆ, ಅದೇ ಮಾದರಿಯ ಬೇರೆ ಯಂತ್ರಗಳ ಫಲಿತಾಂಶಗಳನ್ನು ಹುಡುಕಿ ನೋಡಬೇಕು.

ಪ್ರೊಸೆಸರ್ 95 ಡಿಗ್ರಿ ಮುಟ್ಟಿದ್ದನ್ನು ಕಂಡು ಹೆದರಬೇಕಾಗಿಲ್ಲ. ಇಂದಿನ ಇಂಟೆಲ್ ಮತ್ತು ಎಎಂಡಿ ಗೇಮಿಂಗ್ ಪ್ರೊಸೆಸರ್‌ಗಳ ಮಿತಿ ಮಾದರಿಗೆ ತಕ್ಕಂತೆ 95ರಿಂದ 105 ಡಿಗ್ರಿಯಿದ್ದು, ಆ ಮಿತಿಯವರೆಗೂ ಏರುವಂತೆಯೇ ಅವುಗಳನ್ನು ರೂಪಿಸಿದ್ದಾರೆ. ನೋಡಬೇಕಾದದ್ದು ಬೇರೆ. ಎಲ್ಲ ಕೋರ್‌ಗಳ ಮೇಲೂ ಒಂದೇ ಹೊರೆ ಇರುವಾಗ ಒಂದೆರಡು ಕೋರ್‌ಗಳು ಮಾತ್ರ ಮಿಕ್ಕವುಗಳಿಗಿಂತ 15–20 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ) ಸರಿಯಾಗಿ ಹರಡಿಲ್ಲ ಅಥವಾ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ಒಂದು ಬದಿಯಲ್ಲಿ ಸರಿಯಾಗಿ ಕೂತಿಲ್ಲ ಎಂಬ ಅನುಮಾನಕ್ಕೆ ಆಧಾರವಿದೆ. ಪರೀಕ್ಷೆ ಶುರುವಾದ ಎರಡು ಮೂರು ಸೆಕೆಂಡಿನಲ್ಲೇ ಮಿತಿ ಮುಟ್ಟಿ, ವ್ಯಾಟ್ ಕೂಡಲೇ ತೀರಾ ಕೆಳಗಿಳಿದರೂ ಅದೇ ಅನುಮಾನ.

ನಂತರ ಗ್ರಾಫಿಕ್ಸ್. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ದೊರೆಯುವ 3ಡಿಮಾರ್ಕ್ ಎಂಬ ಪರೀಕ್ಷಾ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಟೈಮ್ ಸ್ಪೈ ಪರೀಕ್ಷೆಯಿದೆ. ಪೂರ್ಣ ವ್ಯಾಟ್‌ನ 4060 ಅಲ್ಲಿ ಗ್ರಾಫಿಕ್ಸ್ ಅಂಕವಾಗಿ ಸುಮಾರು 10 ಸಾವಿರದ ಆಸುಪಾಸು ಪಡೆಯುತ್ತದೆ. ಹಣ ಕೊಟ್ಟು ಕೊಳ್ಳುವ ಆವೃತ್ತಿಯಲ್ಲಿ 20 ಸುತ್ತುಗಳ ಸ್ಟ್ರೆಸ್ ಟೆಸ್ಟ್ ಇದ್ದು, ಸುತ್ತುಗಳ ನಡುವೆ ಫ್ರೇಮ್‌ಗಳ ಸ್ಥಿರತೆ ಶೇ 97 ಇದ್ದರೆ ಉತ್ತೀರ್ಣ. ಅಷ್ಟು ಖರ್ಚು ಬೇಡವೆನ್ನುವವರು ಯುನಿಜಿನ್ ಹೆವನ್ ಎಂಬ ಉಚಿತ ಪರೀಕ್ಷೆಯನ್ನು ಅರ್ಧ ಗಂಟೆ ಬಿಡದೆ ಓಡಿಸಿ, ಆರಂಭದ ಮತ್ತು ಕೊನೆಯ ಕ್ಲಾಕ್ ವೇಗವನ್ನು ಹೋಲಿಸಬಹುದು.

ಕೊನೆಗೆ ನಿಜವಾದ ಆಟ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡಕ್ಕೂ ಒಟ್ಟಿಗೆ ಹೊರೆ ಬೀಳುವುದು ಇಲ್ಲಿಯೇ. ಸೈಬರ್‌ಪಂಕ್ 2077ರಂತೆ ತನ್ನದೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಪರೀಕ್ಷೆ) ಇರುವ ಆಟವಾದರೆ, ಆಡುವ ಮೊದಲು ಒಮ್ಮೆ, ಮುಕ್ಕಾಲು ಗಂಟೆ ಆಡಿದ ಮೇಲೆ ಇನ್ನೊಮ್ಮೆ ಅದನ್ನು ನಡೆಸಿದರೆ ಉಳಿದೆಲ್ಲ ಪರೀಕ್ಷೆಗಳಿಗಿಂತ ಸ್ಪಷ್ಟವಾದ ಉತ್ತರ ಸಿಗುತ್ತದೆ. ಗ್ರಾಫಿಕ್ಸ್ ಚಿಪ್ 140 ವ್ಯಾಟ್ ತಲುಪದೆ 100ರ ಆಸುಪಾಸಿನಲ್ಲೇ ನಿಂತರೆ ತಕ್ಷಣ ದೂರು ಕೊಡಬೇಡಿ. ಪ್ರೊಸೆಸರ್ ಹೆಚ್ಚು ವಿದ್ಯುತ್ ಕೇಳುವಾಗ ಬೂಸ್ಟ್‌ನ ಪಾಲು ಅದಕ್ಕೆ ಹೋಗುತ್ತದೆ, ವೋಲ್ಟೇಜ್ ಮಿತಿಯಿಂದಲೂ ಆರ್‌ಟಿಎಕ್ಸ್ 40 ಸರಣಿಯ (4060 ಸೇರಿದ) ಚಿಪ್ಪುಗಳು ಅನೇಕ ಆಟಗಳಲ್ಲಿ ಪೂರ್ತಿ ವ್ಯಾಟ್ ಬಳಸುವುದಿಲ್ಲ. ಗ್ರಾಫಿಕ್ಸ್ ಚಿಪ್ ಹಲವು ಲ್ಯಾಪ್‌ಟಾಪ್‌ಗಳಲ್ಲಿ 87 ಡಿಗ್ರಿಯ ಹತ್ತಿರ ತನ್ನ ವೇಗ ಇಳಿಸಿಕೊಳ್ಳುತ್ತದೆ. ಎಸಿ ಅಥವಾ ತಂಪಾದ ಕೋಣೆಯಲ್ಲಿಯೂ ಸದಾ ಆ ಅಂಚಿನಲ್ಲಿಯೇ ಇದ್ದರೆ ತಂಪುಗೊಳಿಸುವ ವ್ಯವಸ್ಥೆಯಲ್ಲಿ ಕೊರತೆ ಇದೆ.

ಕೆಲವು ಲಕ್ಷಣಗಳಿಗೆ ಮಾತ್ರ ವಿನಾಯಿತಿಯಿಲ್ಲ. ಕೆಲವು ನಿಮಿಷಗಳಿಗೊಮ್ಮೆ ಫ್ರೇಮ್‌ಗಳು ಒಮ್ಮೆಲೇ ನೆಲಕಚ್ಚಿ ಮತ್ತೆ ಏಳುವುದು, ಪರದೆಯ ಮೇಲೆ ಬಣ್ಣದ ಚುಕ್ಕೆ ಅಥವಾ ಚೌಕಗಳು ಮೂಡುವುದು, ಯಂತ್ರ ತಾನಾಗಿ ಆರಿಹೋಗುವುದು, ಫ್ಯಾನ್ ತಿರುಗುವಾಗ ಲೋಹ ತಾಗಿದ ಸದ್ದು ಬರುವುದು ಇವೆಲ್ಲ ಬದಲಿ ಯಂತ್ರ ಕೇಳುವ ದೋಷಗಳು. ಚಾರ್ಜರ್ ಹಾಕಿ ಆಡುತ್ತಿರುವಾಗಲೇ ಬ್ಯಾಟರಿಯ ಶೇಕಡಾವಾರು ಇಳಿಯುತ್ತಾ ಹೋದರೆ ಅಡಾಪ್ಟರ್ ಸಾಕಾಗುತ್ತಿಲ್ಲ ಅಥವಾ ಕೆಟ್ಟಿದೆ. ಬ್ಯಾಟರಿಯ ಮೇಲೆ ಮಾತ್ರ ಆಡಿದಾಗ ವೇಗ ಅರ್ಧಕ್ಕಿಳಿಯುವುದು ಯಾವ ಗೇಮಿಂಗ್ ಲ್ಯಾಪ್‌ಟಾಪ್‌ಗೂ ಸಹಜ, ಅದನ್ನು ದೋಷವೆಂದು ಎಣಿಸಬಾರದು.

ಪರದೆ ಮತ್ತು ಉಳಿದದ್ದು

144 ಅಥವಾ 165 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಬಾರಿ ಚಿತ್ರ ಬದಲಿಸುವ) ಪರದೆಗೆ ಹಣ ಕೊಟ್ಟವರು ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅದು 60ಕ್ಕೆ ನಿಂತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ತುಂಬಿಸಿ ಸತ್ತ ಪಿಕ್ಸೆಲ್‌ಗಳನ್ನು ಹುಡುಕಿ. ಒಂದೆರಡು ಪಿಕ್ಸೆಲ್‌ಗಳನ್ನು ವಾರಂಟಿಯಲ್ಲಿ ದೋಷವೆಂದು ಒಪ್ಪದ ಕಂಪನಿಗಳೇ ಹೆಚ್ಚು, ಹಾಗಾಗಿ ಅದು ಬದಲಾವಣೆಯ ಅವಧಿಯಲ್ಲೇ ಕಣ್ಣಿಗೆ ಬೀಳಬೇಕು. ಕತ್ತಲ ಕೋಣೆಯಲ್ಲಿ ಕಪ್ಪು ಪರದೆಯ ಅಂಚಿನಿಂದ ಬೆಳಕು ಸೋರುತ್ತಿರುವಂತೆ ಕಂಡರೆ ತಲೆಯನ್ನು ಅತ್ತಿತ್ತ ಸರಿಸಿ ನೋಡಿ: ನೋಡುವ ಕೋನದೊಂದಿಗೆ ಬದಲಾಗುವ ಮಂದ ಹೊಳಪು ಐಪಿಎಸ್ ಎಂಬ ಬಗೆಯ ಪರದೆಗಳ ಸ್ವಭಾವ, ಎಲ್ಲಿಂದ ನೋಡಿದರೂ ಒಂದೇ ಕಡೆ ಉಳಿಯುವ ಬೆಳಕು ಜೋಡಣೆಯ ದೋಷ. ಫೋನಿನ ಕ್ಯಾಮೆರಾ ಇದನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ, ಕಣ್ಣನ್ನೇ ನಂಬಿ. ಇನ್ನು ಬಣ್ಣ ಮಾಸಿದಂತಿದ್ದರೆ ವಿವರಪಟ್ಟಿಯನ್ನು ಮತ್ತೊಮ್ಮೆ ಓದಿ. 45% ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿಯ ಒಂದು ಅಳತೆ) ಎಂದಿದ್ದರೆ ಆ ಪರದೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಮಾನದಂಡದ ಬಣ್ಣಗಳಲ್ಲಿ ಸುಮಾರು ಮೂರನೇ ಎರಡು ಭಾಗವನ್ನಷ್ಟೇ ತೋರಿಸಬಲ್ಲದು, ಅದು ಆ ಮಾದರಿಯ ಮಿತಿ.

ಕೀಲಿಮಣೆಯ ಪ್ರತಿ ಕೀಲಿ, ಪ್ರತಿ ಯುಎಸ್‌ಬಿ ಪೋರ್ಟ್, ಎಚ್‌ಡಿಎಂಐ, ಹೆಡ್‌ಫೋನ್, ಲ್ಯಾನ್, ಕ್ಯಾಮೆರಾ, ಮೈಕ್ ಮತ್ತು ಸ್ಪೀಕರ್‌ಗಳನ್ನು ಒಂದೇ ಸಲ ಕುಳಿತು ನೋಡಿಬಿಡಿ. ವೈಫೈಯನ್ನು ರೌಟರ್ ಇರುವ ಕೋಣೆಯಲ್ಲಿ ಒಮ್ಮೆ, ನೀವು ಆಡುವ ಕೋಣೆಯಲ್ಲಿ ಒಮ್ಮೆ ಪರೀಕ್ಷಿಸಿ.

ದೋಷ ಕಂಡರೆ, ಕಾಣದಿದ್ದರೆ

ದೋಷ ಕಂಡಾಗ ಮೊದಲು ಡ್ರೈವರ್ ಪೂರ್ತಿ ತೆಗೆದು ಮತ್ತೆ ಹಾಕಿ ಅದೇ ಪರೀಕ್ಷೆ ನಡೆಸಿ. ಮತ್ತೆಯೂ ಕಂಡರೆ ಸೀರಿಯಲ್ ನಂಬರ್, ದಿನಾಂಕ ಮತ್ತು ಅಂಕಿಗಳು ಒಂದೇ ಚೌಕಟ್ಟಿನಲ್ಲಿ ಬರುವಂತೆ ವೀಡಿಯೊ ತೆಗೆದು, ಮಾರಾಟಗಾರರಿಗೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ ಬರವಣಿಗೆಯಲ್ಲಿ ದೂರು ಕಳುಹಿಸಿ. ಕೆಲವು ಮಾರಾಟಗಾರರು ಕಂಪನಿಯ ಸರ್ವೀಸ್ ಸೆಂಟರ್‌ನಿಂದ ಯಂತ್ರ ಬಂದಾಗಲೇ ಕೆಟ್ಟಿತ್ತೆಂಬ ಪತ್ರ ಕೇಳುತ್ತಾರೆ; ಆ ಪತ್ರಕ್ಕೂ ದಿನಗಳ ಮಿತಿ ಇರುವುದರಿಂದ ದೂರು ಕೊಟ್ಟ ದಿನವೇ ಸರ್ವೀಸ್ ಸೆಂಟರ್‌ನಲ್ಲೂ ನೋಂದಾಯಿಸುವುದು ಲೇಸು. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟಗಾರರು ದೋಷವಿರುವ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ, ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಯೂ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು.

ಯಂತ್ರ ಎಲ್ಲದರಲ್ಲೂ ಉತ್ತೀರ್ಣವಾಗಿದ್ದರೆ ಕಂಪನಿಯ ಜಾಲತಾಣದಲ್ಲಿ ವಾರಂಟಿಯ ಆರಂಭದ ದಿನಾಂಕ ನೋಡಿ. ಅದು ನೀವು ಕೊಂಡ ದಿನಕ್ಕಿಂತ ಹಿಂದಿನದಾಗಿದ್ದರೆ ಬಿಲ್ ಸಲ್ಲಿಸಿ ಸರಿಪಡಿಸಿಕೊಳ್ಳಬೇಕು, ಮನೆಗೇ ಬಂದು ರಿಪೇರಿ ಮಾಡುವ ಸೇವೆ ನಿಮ್ಮ ತಾಲ್ಲೂಕಿನ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂದೂ ಕೇಳಿಕೊಳ್ಳಬೇಕು. ಜೊತೆಗೆ ಬಂದ ಆಫೀಸ್ ತಂತ್ರಾಂಶಕ್ಕೆ ಸಕ್ರಿಯಗೊಳಿಸುವ ಗಡುವು ಇರುತ್ತದೆ, ಅದನ್ನು ಈಗಲೇ ಮುಗಿಸಿ. ಹೆಚ್ಚು ಹೊತ್ತು ಚಾರ್ಜರ್ ಮೇಲೆಯೇ ಆಡುವವರು ಕಂಪನಿಯ ತಂತ್ರಾಂಶದಲ್ಲಿ ಚಾರ್ಜ್ ಮಿತಿಯನ್ನು ಶೇ 80ಕ್ಕೆ ಹೊಂದಿಸಿದರೆ ಬ್ಯಾಟರಿ ಹೆಚ್ಚು ವರ್ಷ ಬಾಳುತ್ತದೆ. ಪರೀಕ್ಷೆಯ ಅಂಕಿಗಳನ್ನು ಕೋಣೆಯ ತಾಪಮಾನದೊಂದಿಗೆ ಒಂದು ಕಡತದಲ್ಲಿ ಉಳಿಸಿಡಿ. ವರ್ಷದ ಬಳಿಕ ಧೂಳು ಸೇರಿ ಅಥವಾ ಪೇಸ್ಟ್ ಒಣಗಿ ಯಂತ್ರ ನಿಧಾನವಾದಂತೆ ತೋರಿದಾಗ, ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ ಹೋಲಿಸಲು ಮತ್ತು ವಾರಂಟಿ ಇರುವಾಗಲೇ ಸರ್ವೀಸ್ ಸೆಂಟರ್‌ನವರ ಮುಂದಿಡಲು ಆ ಅಂಕಿಗಳೇ ಬೇಕಾಗುತ್ತವೆ.